ಫೊತಿನಿಯ ನಲವತ್ತನೆಯ ದಿನ

ಇದ್ದಳೋ ಇಲ್ಲವೋ, ಒಬ್ಬ ಹುಡುಗಿ ಇದ್ದಳು, ಸತ್ತ ತಾಯಿಗೆ ಏಳು ಬಾಗಿಲು ದಾಟಿ ಒಂದು ಹಿಡಿ ಗೋಧಿ ಒಯ್ಯಬೇಕಿತ್ತು, ಅಂತ ಅಜ್ಜಿ ಶುರು ಮಾಡುತ್ತಿದ್ದಳು, ಆ ಹುಡುಗಿಗೆ ಚಿನ್ನದ ಜಡೆ, ನನಗೆ ಗಿರಣಿಯ ನೀಲಿ ಕೋಟು, ಜೇಬಿನಲ್ಲಿ ಕರವಸ್ತ್ರದ ಗಂಟು ಹೆಜ್ಜೆಹೆಜ್ಜೆಗೂ ತೊಡೆಗೆ ತಾಗುತ್ತಿದೆ, ದಾಲ್ಚಿನ್ನಿ ಕಡಿಮೆ ಹಾಕಬೇಕಿತ್ತು, ಬೆಳಿಗ್ಗೆ ಗೋಧಿ ಬೇಯುವಾಗ ವಾಸನೆ ಮುಚ್ಚಲೆಂದು ಎರಡು ಈರುಳ್ಳಿ ಬೇಕೆಂದೇ ಸೀಯಿಸಿದೆ, ಆದರೂ ಈ ಬೀದಿಯಲ್ಲಿ ನಾನೊಬ್ಬಳೇ ಘಮಘಮಿಸುತ್ತಿದ್ದೇನೆ — ಮನೆಯವರ ಬಾಯಿ ಲೆಕ್ಕಕ್ಕಿಲ್ಲ ಮಗಳೇ, ಹೊರಗಿನ ಒಂದು ಬಾಯಿ ಬೇಕು, ಸತ್ತವರ ಗೋಧಿ ತಿಂದು ನನ್ನ ಹೆಸರು ಹೇಳಿ ದೇವರು ಕ್ಷಮಿಸಲಿ ಅನ್ನಬೇಕು, ನಲವತ್ತನೇ ದಿನ ಹೊತ್ತು ಮುಳುಗೋದರೊಳಗೆ, ಇಲ್ಲದಿದ್ದರೆ ನಾನು ಬಾಗಿಲಲ್ಲೇ ನಿಂತಿರ್ತೀನಿ, ಅಂತ ಸಾಯುವ ಮುಂಚೆ ಅಂದಳು, ಹೂಂ ಅಜ್ಜಿ ಅಂದೆ, ಎಷ್ಟು ಸುಲಭವಾಗಿ ಅಂದುಬಿಟ್ಟೆ, ದೇವರಿಲ್ಲ ಅಂತ ಸರ್ಕಾರ ಕಾನೂನು ಮಾಡಿ ಆರು ವರ್ಷವಾಗಿರುವ ಊರಿನಲ್ಲಿ, ಕೊರ್ಚಾದಲ್ಲಿ, ಚರ್ಚಿನ ಗಂಟೆಗಳನ್ನು ಕರಗಿಸಿದ ಊರಿನಲ್ಲಿ, ಒಂದೇ ಒಂದು ಬಾಯಿ.

ವಿತೋರಿಯ ಬಾಯಿ, ಪಕ್ಕದ ಮಗ್ಗದವಳು, ಎಂಟು ವರ್ಷ ನನ್ನ ಬುತ್ತಿಯಿಂದ ಚೀಸ್ ಕದ್ದು ತಿಂದ ಬಾಯಿ, ಊಟದ ಬಿಡುವಿನಲ್ಲಿ ಗಂಟು ಬಿಚ್ಚಿದೆ, ಅವಳು ನೋಡಿದಳು, ತುಟಿ ಒಳಕ್ಕೆ ಎಳೆದುಕೊಂಡಳು, ಹಲ್ಲು ನೋವು ಕಣೆ ಪೊಲಿಕ್ಸೇನಿ, ಅಂದವಳು ಆಮೇಲೆ ಒಣರೊಟ್ಟಿಯನ್ನು ಕಟಕಟ ಕಡಿದಳು — ಮುಚ್ಚಿದ ತುಟಿ, ಎಲ್ಲೆಲ್ಲೂ ಅದೇ, ಸಭೆಯಲ್ಲೂ ಹಾಗೇ ಇತ್ತು, ಅಜ್ಜಿಯನ್ನು ನಡುವೆ ನಿಲ್ಲಿಸಿ ಬೀದಿ ಸಮಿತಿಯ ಎಫ್ತಾಲಿ ಆರೋಪಪಟ್ಟಿ ಓದಿದಳು, ಈ ಮುದುಕಿ ರೊಟ್ಟಿ ಮುರಿಯುವ ಮುಂಚೆ ಎದೆಯ ಮೇಲೆ ಶಿಲುಬೆ ಗುರುತು ಮಾಡುತ್ತಾಳೆ, ಎರಡು ಗಂಟೆ ಓದಿದಳು, ನಲವತ್ತು ಜನ ತುಟಿ ಬಿಗಿದು ಕೂತಿದ್ದರು, ನಾನೂ, ನಾನೂ ಬಿಗಿದುಕೊಂಡೇ ಕೂತಿದ್ದೆ, ಅಜ್ಜಿ ಮನೆಗೆ ಬಂದು ಮಲಗಿದವಳು ಮತ್ತೆ ಏಳಲಿಲ್ಲ.

ಸಂಜೆ ಸೊತಿರ್ ಮಾಮನ ಹತ್ತಿರ ಹೋದೆ, ಒಂದು ಕಾಲದಲ್ಲಿ ಚರ್ಚಿನ ಹಾಡುಗಾರ, ಈಗ ಅದೇ ಚರ್ಚಿನಲ್ಲಿ ಪೇರಿಸಿಟ್ಟ ಸಿಮೆಂಟ್ ಚೀಲ ಕಾಯುತ್ತಾನೆ, ಮೀಸೆಯಲ್ಲೆಲ್ಲ ಬೂದಿಬಣ್ಣದ ಪುಡಿ, ಗೋಧಿ ನೋಡಿ ಅವನ ಕಣ್ಣು ತುಂಬಿತು, ಆಗ ಆಸೆ ಹುಟ್ಟಿತು ನನಗೆ, ಹುಟ್ಟಬಾರದಿತ್ತು, ಸತ್ತವರಿಗೆ ಇನ್ನೇನಮ್ಮ ಬೇಕು, ಅವರಿಗೆ ಮೀಟಿಂಗೇ ಇಲ್ಲವಲ್ಲ, ಅಂತ ನಕ್ಕ, ನಗು ಅರ್ಧಕ್ಕೆ ನಿಂತಿತು, ನನ್ನ ಮಗ ಪಟ್ಟಣದಲ್ಲಿ ಓದ್ತಿದಾನೆ ತಾಯಿ, ಹೊರಟುಬಿಡು, ಅಂದ, ತುಟಿ ಮುಚ್ಚಿದ, ಹಾಡುತ್ತಿದ್ದ ಆ ತುಟಿ.

ಮುಳುಗುವ ಬಿಸಿಲು ನಮ್ಮ ಕಟ್ಟಡದ ಮೂರನೇ ಮಹಡಿಯ ಕಿಟಕಿಗೆ ಏರಿಬಿಟ್ಟಿದೆ, ಮೇಲಿನದು ನಾಲ್ಕನೆಯದೊಂದೇ, ಆಮೇಲೆ ಮುಗಿಯಿತು, ಅಜ್ಜಿ ಬಾಗಿಲಲ್ಲೇ, ಆ ದಪ್ಪ ಉಣ್ಣೆಯ ಶಾಲಿನಲ್ಲಿ, ಕಾಲು ನೋವು ಅನ್ನುತ್ತಾ, ಎಂದೆಂದಿಗೂ — ಮೆಟ್ಟಿಲ ತಿರುವಿನಲ್ಲಿ ಎಫ್ತಾಲಿ ನಿಂತಿದ್ದಾಳೆ, ಕೈಯಲ್ಲಿ ಬೀಗದ ಕೈ, ಮೂಗು ಅರಳಿದೆ, ನಮಸ್ಕಾರ ಕಾಮ್ರೇಡ್ ಅನ್ನುತ್ತೇನೆ, ನನ್ನ ದನಿ ಯಾರದೋ ದನಿ, ವಿತೋರಿ ಮಧ್ಯಾಹ್ನವೇ ಬಂದಿದ್ದಳು, ಅನ್ನುತ್ತಾಳೆ, ಬರೆದು ಕಳಿಸಿಯಾಯ್ತು, ಬೆಳಿಗ್ಗೆ ಪೊಲೀಸರು ಬರ್ತಾರೆ, ದಪ್ಪ ಕಾಲುಚೀಲ ಹಾಕ್ಕೊಂಡಿರು, ಅಲ್ಲಿ ಚಳಿ ಜಾಸ್ತಿ. ಗೋಡೆಗೆ ಒರಗುತ್ತೇನೆ, ಸುಣ್ಣ ತಣ್ಣಗಿದೆ, ಅಮ್ಮನಿಗೆ ಏನು ಹೇಳಲಿ, ಎಷ್ಟು ವರ್ಷವೋ, ಐದೋ ಹತ್ತೋ, ಎಫ್ತಾಲಿ ಇನ್ನೂ ಹೋಗುತ್ತಿಲ್ಲ, ಮೇಲೆ ನೋಡುತ್ತಾಳೆ, ಕೆಳಗೆ ನೋಡುತ್ತಾಳೆ, ಎಷ್ಟನೇ ದಿನ, ಅನ್ನುತ್ತಾಳೆ, ನಲವತ್ತು, ಅನ್ನುತ್ತೇನೆ, ಕೊಡು ಇಲ್ಲಿ.

ಕೈ ಚಾಚಿದ್ದಾಳೆ, ಶಾಯಿ ಅಂಟಿದ ಬೆರಳು, ಕೊಡಬೇಕೇ, ಇವಳಿಗೇ, ಅಜ್ಜಿ, ಬೇರೆ ಬಾಯಿ ಸಿಗಲಿಲ್ಲವಲ್ಲ ಅಜ್ಜಿ, ಗಂಟು ಬಿಚ್ಚಿ ಸುರಿಯುತ್ತೇನೆ, ಹಿಡಿಯಷ್ಟನ್ನೂ ಒಮ್ಮೆಗೇ ಹಾಕಿಕೊಳ್ಳುತ್ತಾಳೆ, ಕೆನ್ನೆ ಉಬ್ಬಿದೆ, ತುಂಬಿದ ಬಾಯಲ್ಲೇ, ಉಸಿರಿನಷ್ಟೇ ಸಣ್ಣಗೆ, ಫೊತಿನಿಯನ್ನು ದೇವರು ಕ್ಷಮಿಸಲಿ, ಅನ್ನುತ್ತಾಳೆ, ಅಂದಳು, ಅಂದುಬಿಟ್ಟಳು, ಆಯಿತು ಅಜ್ಜಿ, ಹೋಗು, ನಡಿ ಇನ್ನು, ಕಿಟಕಿಯಲ್ಲಿ ಇನ್ನೂ ಬೆರಳಗಲ ಬಿಸಿಲಿದೆ, ಮತ್ತೆ ತುಟಿ ಮುಚ್ಚಿದ್ದಾಳೆ, ಒಳಗೆ ದವಡೆ ಆಡುತ್ತಿದೆ, ನುಂಗಲಾಗುತ್ತಿಲ್ಲ ಅವಳಿಗೆ, ಮುಚ್ಚಿದ ತುಟಿ, ಅಗಿಯುತ್ತಿದೆ, ಅಗಿಯುತ್ತಲೇ ಇದೆ, ಮುಚ್ಚಿದ ಆ ತುಟಿ