ಹನ್ನೊಂದೂವರೆಯ ವಿಮಾನ

ವಿಮಾನ ಹಾರಿಸುವುದೇ ದೊಡ್ಡ ಕೆಲಸವೆಂದು ಜನ ತಿಳಿದಿದ್ದಾರೆ. ಅಲ್ಲ ಸ್ವಾಮಿ, ಫಜೀತಿಯೆಲ್ಲ ಅದು ನೆಲದ ಮೇಲೆ ನಿಂತಿರುವ ಮುಕ್ಕಾಲು ಗಂಟೆಯಲ್ಲಿ. ಏಣಿ ಬರಬೇಕು, ಲಗೇಜು ಇಳಿಯಬೇಕು, ಲಗೇಜಿನ ಗಾಡಿಗಳನ್ನು ಎಳೆಯಲು ಟ್ರ್ಯಾಕ್ಟರ್ ಬರಬೇಕು. ಯಾವುದು ಎಷ್ಟು ಹೊತ್ತಿಗೆ ಎಲ್ಲಿಗೆ ಎಂದು ಕಂಪ್ಯೂಟರ್ ಹೇಳಬೇಕು. ಈ ನಿಲ್ದಾಣದಲ್ಲಿ ಹಾಗೆ ಹೇಳುತ್ತಿದ್ದ ಸಾಫ್ಟ್‌ವೇರ್ ಹದಿನೇಳು ವರ್ಷ ಹಳೆಯದು. ಅದನ್ನು ಬದಲಿಸಲು ಮೂರು ತಂಡಗಳಿದ್ದವು: ವೇಳಾಪಟ್ಟಿ ತಂಡ, ಲಗೇಜು ಸಾಗಿಸುವ ಬೆಲ್ಟ್ ತಂಡ, ಟ್ರ್ಯಾಕ್ಟರ್ ತಂಡ. ಟ್ರ್ಯಾಕ್ಟರ್ ತಂಡದಲ್ಲಿ ಒಬ್ಬನೂ ಜನ್ಮದಲ್ಲಿ ಟ್ರ್ಯಾಕ್ಟರ್ ಹತ್ತಿದವನಲ್ಲ, ಅದು ಬೇರೆ ಮಾತು.

ಎರಡು ವಾರಕ್ಕೊಮ್ಮೆ ಒಂದೊಂದು ತುಂಡು ಕೆಲಸ ಮುಗಿಸಿ ತೋರಿಸುವುದು ಅವರ ಪದ್ಧತಿ. ಒಳ್ಳೆಯ ಪದ್ಧತಿಯೇ. ಆದರೆ ಒಬ್ಬರ ತುಂಡು ಇನ್ನೊಬ್ಬರದಕ್ಕಾಗಿ ಕಾಯಬೇಕಾದಾಗ ಎತ್ತು ಏರಿಗೆ, ಕೋಣ ನೀರಿಗೆ. ಅದನ್ನು ಸರಿದೂಗಿಸಲೆಂದೇ ಒಬ್ಬಳನ್ನು ನೇಮಿಸಿದ್ದರು. ಅವಳು ಗೋಡೆಯ ತುಂಬ ಕೆಲಸಕ್ಕೊಂದರಂತೆ ಚೀಟಿ ಅಂಟಿಸಿ, ಯಾವ ಚೀಟಿ ಯಾವುದಕ್ಕೆ ಕಾಯುತ್ತಿದೆಯೋ ಅದಕ್ಕೆ ಕೆಂಪು ದಾರ ಕಟ್ಟುತ್ತಿದ್ದಳು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ದಾರದ ಮೇಡಂ.

ಹೊಸ ಸಾಫ್ಟ್‌ವೇರ್ ಶುರುವಾಗುವುದು ಆಗಲೇ ಎರಡು ಸಲ ಮುಂದೆ ಹೋಗಿತ್ತು. ದೊಡ್ಡ ಸಾಹೇಬರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಈ ಶುಕ್ರವಾರ ಶುರುವಾಗದಿದ್ದರೆ ಮೂರೂ ತಂಡಗಳನ್ನು ಮುಚ್ಚಿ ಕೆಲಸವನ್ನು ಹೊರಗಿನ ಕಂಪನಿಗೆ ಕೊಡುತ್ತೇವೆ. ಹದಿನಾರು ಜನರ ಕೆಲಸ ದಾರದ ಮೇಡಂ ತಲೆಯ ಮೇಲೆ ಕೂತಿತ್ತು.

ಬುಧವಾರ ಬೆಳಿಗ್ಗೆ ಪರೀಕ್ಷೆ. ಹಳೆಯ ಸಾಫ್ಟ್‌ವೇರಿನ ಒಂದು ದಿನದ ಕೆಲಸವನ್ನೆಲ್ಲ ಹೊಸದಕ್ಕೆ ಕೊಟ್ಟು ನೋಡುವುದು. ಹೊಸದು ಹನ್ನೊಂದೂವರೆಯವರೆಗಿನ ಕೆಲಸವನ್ನು ಸಲೀಸಾಗಿ ಹಂಚಿ, ಅಲ್ಲಿಗೆ ಬಂದು ಗಕ್ಕನೆ ನಿಂತಿತು. 'ಒಂಬೈನೂರ ಒಂಬತ್ತನೇ ನಂಬರಿನ ವಿಮಾನ ವೇಳಾಪಟ್ಟಿಯಲ್ಲಿಲ್ಲ. ಟ್ರ್ಯಾಕ್ಟರ್ ಕೊಡಲಾಗದು.'

"ಅಂಥ ವಿಮಾನ ನಮ್ಮಲ್ಲಿಲ್ಲ," ಎಂದಿತು ವೇಳಾಪಟ್ಟಿ ತಂಡ.

"ಇಲ್ಲ ಅಂದ್ರೆ ಹೇಗ್ರೀ? ಆರು ವರ್ಷದಿಂದ ದಿನಾ ನಾಲ್ಕು ಟ್ರ್ಯಾಕ್ಟರ್ ಹೋಗ್ತಿದೆ ಅದಕ್ಕೆ!" ಎಂದಿತು ಟ್ರ್ಯಾಕ್ಟರ್ ತಂಡ.

"ಅದರಿಂದ ಒಂದು ಕೈಚೀಲಾನೂ ಇಳಿದಿಲ್ಲ," ಎಂದಿತು ಬೆಲ್ಟ್ ತಂಡ.

ಆರು ವರ್ಷದಲ್ಲಿ ಒಂದು ಸಲವೂ ಇಳಿಯದ, ಏರದ ವಿಮಾನ! ದಾರದ ಮೇಡಂ ಅದನ್ನು ದಾಖಲು ಮಾಡಿದವರು ಯಾರೆಂದು ತೆಗೆದು ನೋಡಿದಳು. ಹೆಸರು ಅವಳ ಸ್ವಂತ ಅಕ್ಕನದು.

ಅಕ್ಕ ಟ್ರ್ಯಾಕ್ಟರ್ ಡ್ರೈವರುಗಳ ಮೇಲ್ವಿಚಾರಕಿ. ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ಗೋಡೆಗೆ ಚೀಟಿ ಅಂಟಿಸುವಾಗ ತಂಗಿ ನಿಲ್ದಾಣದ ಗುಡಿಸುವವರನ್ನೂ ಬಿಡದೆ ಅವರವರ ಕೆಲಸ ಕೇಳಿದ್ದಳು, ಅಕ್ಕನೊಬ್ಬಳನ್ನು ಬಿಟ್ಟು. ಅಕ್ಕನ ಕೆಲಸ ತನಗೆ ಗೊತ್ತಿಲ್ಲದ್ದೇ ಎಂಬ ಸಸಾರ.

ಅವಳು ವಿಮಾನ ನಿಲ್ಲುವ ಡಾಂಬರಿನ ಬಿಸಿಲಲ್ಲಿ ಓಡಿದಳು. ಅಕ್ಕ ಟ್ರ್ಯಾಕ್ಟರಿನ ನೆರಳಲ್ಲಿ ನಿಂತು ಯಾರಿಗೋ ಗದರುತ್ತಿದ್ದಳು.

"ಅಕ್ಕಾ, ಒಂಬೈನೂರ ಒಂಬತ್ತು ಯಾವ ವಿಮಾನ?"

ಅಕ್ಕ ಹುಬ್ಬು ಕೂಡ ಅಲುಗಿಸಲಿಲ್ಲ. "ಊಟದ ವಿಮಾನ."

"ಅಂದ್ರೆ?"

"ನಿಮ್ಮ ಕಂಪ್ಯೂಟರ್ ಇದೆಯಲ್ಲ, ಖಾಲಿ ಟ್ರ್ಯಾಕ್ಟರ್ ಕಂಡ್ರೆ ಅದಕ್ಕೆ ಕಣ್ಣುರಿ. ತಕ್ಷಣ ಎಲ್ಲಿಗಾದ್ರೂ ಓಡಿಸುತ್ತೆ. ಒಬ್ಬ ಹುಡುಗ ಹಸಿದು ಸ್ಟಿಯರಿಂಗ್ ಮೇಲೇ ತಲೆ ಇಟ್ಟುಬಿಟ್ಟ. ಅವತ್ತೇ ಈ ವಿಮಾನ ಹಾಕ್ದೆ. ನಾಲ್ಕು ಟ್ರ್ಯಾಕ್ಟರ್, ಇಪ್ಪತ್ತೈದು ನಿಮಿಷ. ಸರದಿ ಪ್ರಕಾರ ಕೂತು ಉಣ್ತಾರೆ. ಏನೀಗ?"

"ಸುಳ್ಳು ದಾಖಲೆ ಅಕ್ಕ ಅದು! ಕೆಲಸ ಹೋಗುತ್ತೆ."

"ಹೊಸದ್ರಲ್ಲಿ ಊಟಕ್ಕೆ ಜಾಗ ಇದೆಯಾ?"

ಇರಲಿಲ್ಲ. ಪರದೆ ಮೇಲೆ ಏಳು ಬಣ್ಣಗಳಿದ್ದವು, ಮುಟ್ಟಿದರೆ ಹಿಗ್ಗುವ ನಕ್ಷೆಯಿತ್ತು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಎಂದಳು ಅಕ್ಕ.

ಆ ಒಂದು ಸಾಲನ್ನು ಅಳಿಸಿದ್ದರೆ ಎಲ್ಲ ಸುಸೂತ್ರ. ಶುಕ್ರವಾರ ಸಾಫ್ಟ್‌ವೇರ್ ಶುರು, ಹದಿನಾರು ಜನರ ಕೆಲಸ ಭದ್ರ, ಅಕ್ಕನ ಗುಟ್ಟೂ ಭದ್ರ. ಡ್ರೈವರುಗಳು ಮಾತ್ರ ಉಪವಾಸ. ದಾರದ ಮೇಡಂ ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಒತ್ತಲು ಮನಸ್ಸು ಬರಲಿಲ್ಲ.

ಮಧ್ಯಾಹ್ನ ಸಭೆ ಸೇರಿತು. ತಂಡಗಳೂ ಮೇಲ್ವಿಚಾರಕರೂ ಗೋಡೆಯ ಮುಂದೆ ನಿಂತರು. ಈ ಸಭೆಯಲ್ಲಿ ಯಾರೂ ಕೂರುವಂತಿಲ್ಲ, ಕೂತರೆ ಮಾತು ಬೆಳೆಯುತ್ತದೆಂದು. ದೊಡ್ಡ ಸಾಹೇಬರು ಕೇಳಿದರು, "ಇಲ್ಲದ ವಿಮಾನ ಹಾಕಿದ್ದು ಯಾರು?"

ತಂಗಿ ಬಾಯಿ ತೆರೆಯುವ ಮೊದಲೇ ಅಕ್ಕ ಮುಂದೆ ಬಂದಳು. "ನಾನೇ ಸಾರ್. ನನ್ನ ಹುಡುಗ್ರ ಊಟಕ್ಕೆ."

ಆಗ ಬೆಲ್ಟಿನ ಮೇಸ್ತ್ರಿ, ಯಾರೂ ಕೇಳದಿದ್ದರೂ, ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡವನಂತೆ ಗಂಟಲು ಸರಿಮಾಡಿಕೊಂಡ. "ನಮ್ಮ ಮೂರನೇ ಬೆಲ್ಟ್ ದಿನಾ ನಾಲ್ಕು ಗಂಟೆಗೆ ಕೆಡುತ್ತಲ್ಲ ಸಾರ್... ಅದು ಕೆಡಲ್ಲ. ಟೀ ಕುಡೀತೀವಿ."

"ಏಣಿ ಗಾಡಿಗೆ ಗಾಳಿ ತುಂಬಿಸೋದೂ ಹಾಗೇನೇ," ಎಂದ ಏಣಿಗಳ ಉಸ್ತುವಾರಿಯ ಮುದುಕ, ಛಾವಣಿ ನೋಡುತ್ತ.

ಎಲ್ಲರ ಕಣ್ಣೂ ಸಾಹೇಬರ ಕಡೆ ತಿರುಗಿತು. ಅವರ ಡೈರಿಯಲ್ಲಿ ದಿನಾ ಎರಡರಿಂದ ಎರಡೂವರೆ 'ಕಡತ ಪರಿಶೀಲನೆ'. ಪರಿಶೀಲನೆಯ ಗೊರಕೆ ಕಾರಿಡಾರಿನವರೆಗೆ ಕೇಳುತ್ತಿತ್ತು. ಸಾಹೇಬರು ಒಮ್ಮೆ ಕೆಮ್ಮಿದರು. "ಸರಿ ಸರಿ. ಊಟ ತಪ್ಪಲ್ಲ, ಸುಳ್ಳು ತಪ್ಪು. ಇನ್ಮೇಲೆ ಊಟಾನ ಊಟ ಅಂತಲೇ ಬರೀರಿ. ಆದ್ರೆ ಶುಕ್ರವಾರ ಅಂದ್ರೆ ಶುಕ್ರವಾರ."

ಉಳಿದದ್ದು ಒಂದೂವರೆ ದಿನ. ದಾರದ ಮೇಡಂ ಹಳೆಯ ಚೀಟಿಗಳಲ್ಲಿ ಅರ್ಧಕ್ಕರ್ಧ ಕಿತ್ತು ಪಕ್ಕಕ್ಕಿಟ್ಟಳು. ಬಣ್ಣ, ಹಿಗ್ಗುವ ನಕ್ಷೆ ಎಲ್ಲ ಮುಂದಿನ ತಿಂಗಳಿಗೆ. ಮೊದಲು ವೇಳಾಪಟ್ಟಿ ತಂಡ ವಿರಾಮಕ್ಕೆಂದು ಒಂದು ಸಾಲು ತೆರೆಯಬೇಕು. ಅದು ಬಂದ ಮೇಲೆ ಟ್ರ್ಯಾಕ್ಟರ್ ತಂಡದ ಕೆಲಸ, ಆಮೇಲೆ ಬೆಲ್ಟಿನವರದು. ಒಬ್ಬರು ತಡವಾದರೆ ಮೂವರೂ ಕೆಟ್ಟರು. ಟ್ರ್ಯಾಕ್ಟರ್ ತಂಡ ಕಾಯುತ್ತ ಸುಮ್ಮನೆ ಕೂರದೆ ಅಕ್ಕನ ಜೊತೆ ಡಾಂಬರಿಗೆ ಹೋಗಿ ಡ್ರೈವರುಗಳ ಸರದಿ ಬರೆದುಕೊಂಡು ಬಂತು. ಅವರಲ್ಲೊಬ್ಬ ಟ್ರ್ಯಾಕ್ಟರನ್ನೂ ಹತ್ತಿ ಬಂದ.

ಶುಕ್ರವಾರ ಹತ್ತಕ್ಕೆ ಹೊಸ ಸಾಫ್ಟ್‌ವೇರ್ ಶುರುವಾಯಿತು. ಹನ್ನೊಂದೂವರೆಗೆ ಪರದೆಯ ಮೇಲೆ ನಾಲ್ಕು ಟ್ರ್ಯಾಕ್ಟರುಗಳ ಎದುರು 'ಊಟ' ಎಂದು ಮೂಡಿತು. ಒಂದು ವಿಮಾನವೂ ತಡವಾಗಲಿಲ್ಲ. ಹದಿನಾರು ಜನ ಒಟ್ಟಿಗೆ ಕೂಗಿದ್ದಕ್ಕೆ ಕಿಟಕಿ ಗಾಜು ಅದುರಿತು.

ಅಷ್ಟರಲ್ಲಿ ಅಕ್ಕ ಹೊಳೆಯುವ ಜಾಕೆಟ್ಟಿನಲ್ಲೇ ಮೆಟ್ಟಿಲು ಹತ್ತಿ ಬಂದಳು. ಪರದೆಯನ್ನು ಒಂದು ನಿಮಿಷ ನೋಡಿದಳು.

"ನಿಂಗೆ ಮೊದ್ಲೇ ಹೇಳ್ಬೇಕಿತ್ತು ಕಣೇ," ಎಂದಳು ಮೆಲ್ಲಗೆ. "ಆರು ವರ್ಷದಿಂದ ಹೇಳ್ಬೇಕು ಅಂತಲೇ ಇದ್ದೆ. ನೀನು ಬೈತೀಯೇನೋ ಅಂತ ಭಯ."

ಹುಟ್ಟಿದಾಗಿನಿಂದ ಅಕ್ಕನಿಗೆ ಹೆದರಿಕೊಂಡೇ ಬೆಳೆದವಳು ತಂಗಿ. ಅವಳಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು.

"ನಂಗಾ? ನಂಗೆ ಹೆದರ್ತೀಯಾ ಅಕ್ಕಾ?"

"ಸಾಕು, ಮೆರೀಬೇಡ," ಎಂದ ಅಕ್ಕ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. "ಹುಡುಗ್ರು ನಿಂಗೂ ಜಾಗ ಬಿಟ್ಟು ಕೂತಿದ್ದಾರೆ. ನಡಿ, ಇನ್ನು ಇಪ್ಪತ್ತೇ ನಿಮಿಷ ಇರೋದು."