ಚೀಟಿಯ ಮಾತೇ ಕೊನೆ

ನಮ್ಮ ಕಚೇರಿಯ ಫ್ರಿಜ್ಜಿಗೆ ನಾನೇ ಯಜಮಾನಿ. ಯಾರೂ ಒಪ್ಪಿಸಿದ ಕೆಲಸವಲ್ಲ, ನಾನೇ ಮೈಮೇಲೆ ಎಳೆದುಕೊಂಡದ್ದು. ಕಟ್ಟಡಗಳ ನಕ್ಷೆ ಬರೆದುಕೊಡುವ ಕಚೇರಿ ನಮ್ಮದು. ಒಂಬತ್ತು ಜನ, ಒಂದು ಊಟದ ಕೋಣೆ, ಒಂದು ಉದ್ದದ ಮೇಜು, ಬಾಗಿಲು ತೆಗೆದರೆ ಕುಂಯ್ ಎನ್ನುವ ಒಂದು ಹಳೆಯ ಫ್ರಿಜ್. ಇಪ್ಪತ್ತೆಂಟು ವರ್ಷದಿಂದ ಅಲ್ಲಿ ಗುಮಾಸ್ತೆ ನಾನು. ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಹಿಂದಿನಿಂದ ಏನೆನ್ನುತ್ತಾರೋ ಅದೂ ನನಗೆ ಗೊತ್ತು, ಬಿಡಿ.

ನಾನು ಕೈಹಾಕುವ ಮೊದಲು ಆ ಫ್ರಿಜ್ ಒಳಗೆ ಏನಿತ್ತು ಅಂತ ಹೇಳಿದರೆ ನಿಮಗೆ ಊಟ ಸೇರುವುದಿಲ್ಲ. ಬೂಸ್ಟು ಹಿಡಿದ ಡಬ್ಬಿ, ಯಾರದೆಂದು ಯಾರಿಗೂ ಗೊತ್ತಿಲ್ಲದ ಹಾಲು. ಅದಕ್ಕಿಂತ ದೊಡ್ಡ ರಗಳೆ ನಮ್ಮ ಕ್ಯಾಷಿಯರನದು. ಮೂಗು ಮುರಿಯುವುದೇ ಆತನ ಕಸುಬು. ಯಾರ ಡಬ್ಬಿಯನ್ನಾದರೂ ತೆಗೆದು, ಮೂಸಿ, “ಇದು ಹಳಸಿದೆ” ಎಂದು ಕಸದ ಬುಟ್ಟಿಗೆ ಸುರಿದುಬಿಡುತ್ತಿದ್ದ. ಒಮ್ಮೆ ನನ್ನದನ್ನೇ ಸುರಿದ. ಬೆಳಿಗ್ಗೆ ಮಾಡಿದ ಅಡುಗೆ! ಮೈಯೆಲ್ಲ ಉರಿದುಹೋಯಿತು. ಅವತ್ತೇ ಚೀಟಿಯ ಪದ್ಧತಿ ತಂದೆ.

ಪದ್ಧತಿ ಬಹಳ ಸರಳ. ಒಳಗೆ ಇಡುವ ಪ್ರತಿ ಡಬ್ಬಿಯ ಮೇಲೂ ಹೆಸರು, ಇಟ್ಟ ದಿನ ಬರೆದ ಚೀಟಿ ಅಂಟಿಸಬೇಕು. ಇಟ್ಟ ದಿನ ಬಿಟ್ಟು ಎರಡು ದಿನ ಆಯಸ್ಸು. ಅಷ್ಟರೊಳಗೆ ಯಾರೂ ಮುಟ್ಟುವಂತಿಲ್ಲ, ಅದು ದಾಟಿದರೆ ಯಾರೂ ತಿನ್ನುವಂತಿಲ್ಲ. ಮೂಗಿಗೆ ಕೆಲಸವಿಲ್ಲ, ಚೀಟಿಯ ಮಾತೇ ಕೊನೆ. ಕ್ಯಾಷಿಯರನ ಡಬ್ಬಿಯೊಂದು ಗಡುವನ್ನು ಒಂದು ದಿನ ದಾಟಿದಾಗ ಎಲ್ಲರ ಎದುರಿಗೇ ಬುಟ್ಟಿಗೆ ಹಾಕಿದೆ. “ಚೆನ್ನಾಗಿದೆ ರೀ, ಮೂಸಿ ನೋಡಿ” ಅಂತ ಗೋಗರೆದ. ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಸುಳ್ಳೇಕೆ ಹೇಳಲಿ, ಆವತ್ತು ನನಗೆ ಊಟಕ್ಕಿಂತ ಹೆಚ್ಚು ತೃಪ್ತಿಯಾಯಿತು. ಅಂದಿನಿಂದ ಆತ ನಾನೆಲ್ಲಿ ಎಡವುತ್ತೇನೋ ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ.

ನಮ್ಮ ನಕ್ಷೆಗಾರ ಅಂಥವನಲ್ಲ. ನಲವತ್ತು ದಾಟದ, ಮೆತ್ತಗಿನ ಮಾತಿನ ಮನುಷ್ಯ. ಎರಡು ವರ್ಷದ ಹಿಂದೆ ಅವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಅವನ ಅಕ್ಕ ತನ್ನದೊಂದನ್ನು ಕೊಟ್ಟು ಉಳಿಸಿಕೊಂಡಳು. ಮೈ ಹೊಸ ಕಿಡ್ನಿಯನ್ನು ಒಪ್ಪಿಕೊಳ್ಳಲೆಂದು ದಿನಾ ಮಾತ್ರೆ. ಆ ಮಾತ್ರೆಯಿಂದ ಮೈಯ ಕಸುವೆಲ್ಲ ಇಳಿದು, ಬೇರೆಯವರಿಗೆ ಬರೀ ಹೊಟ್ಟೆನೋವು ತರುವಂಥದ್ದೂ ಅವನನ್ನು ಮಲಗಿಸಿಬಿಡಬಹುದು ಅಂತ ಡಾಕ್ಟರು ಹೇಳಿದ್ದರು. ಹೊರಗಿನ ಊಟ ಪೂರಾ ಬಂದ್. ಹೆಂಡತಿ ಪಾತ್ರೆಗೆಲ್ಲ ಬಿಸಿನೀರು ಹಾಕಿ ತೊಳೆದು, ತೂಕ ಮಾಡಿದಂತೆ ಅಡುಗೆ ಮಾಡಿ ಡಬ್ಬಿ ಕಟ್ಟುತ್ತಿದ್ದಳು. ಇದೆಲ್ಲ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗಂತೂ ಚೆನ್ನಾಗಿಯೇ ಗೊತ್ತಿತ್ತು.

ಆ ಶನಿವಾರ ಅವನು ಎರಡು ಡಬ್ಬಿ ತಂದಿದ್ದ.

“ದೊಡ್ಡಮ್ಮ, ಮನೆ ಫ್ರಿಜ್ ರಿಪೇರಿಗೆ ಹೋಗಿದೆ. ಇವಳು ಮಗು ಕರ್ಕೊಂಡು ತಂಗಿ ಮನೆಗೆ ಹೊರಟಿದಾಳೆ, ಬರೋದು ಸೋಮವಾರ ಸಂಜೆ. ನಾಳೆ ಹೇಗೂ ಅಕ್ಕನ ಮನೇಲಿ ಊಟ. ಸೋಮವಾರದ ಡಬ್ಬಿ ಇಲ್ಲೇ ಇಡ್ಲಾ?”

“ಇಡಪ್ಪ, ಅದಕ್ಕೇನು. ಕೆಳಗಿನ ಡ್ರಾಯರ್‌ನಲ್ಲಿಡು, ಆ ಮೂಗಪ್ಪನ ಕಣ್ಣಿಗೆ ಬೀಳಲ್ಲ. ನಾನಿದೀನಲ್ಲ, ನೋಡ್ಕೋತೀನಿ.”

ಸೋಮವಾರದ ಡಬ್ಬಿಗೆ ಚೀಟಿ ಅಂಟಿಸಿದ. ದುಂಡಗಿನ ಅಕ್ಷರದಲ್ಲಿ ಶನಿವಾರ ಎಂದು ಬರೆದು ಡ್ರಾಯರ್‌ಗೆ ತಳ್ಳಿದ. ಅನ್ನ, ಬೇಯಿಸಿದ ಕೋಳಿ.

ತಿಂಗಳ ಕೊನೆಯ ಶನಿವಾರ ಅರ್ಧ ದಿನದ ಕೆಲಸ ಮುಗಿದು ಎಲ್ಲರೂ ಹೋದ ಮೇಲೆ ನಾನು ಫ್ರಿಜ್ಜಿನ ಮಂಜುಗಡ್ಡೆ ಕರಗಿಸುತ್ತೇನೆ. ಗುಂಡಿಯನ್ನು ಸೊನ್ನೆಗೆ ತಿರುಗಿಸಿ ಫ್ರಿಜ್ ಆರಿಸಿ, ಬಾಗಿಲಿಗೆ ಮಡಿಸಿದ ಪೇಪರು ಸಿಕ್ಕಿಸಿ, ಕೆಳಗೆ ಬಟ್ಟೆ ಹಾಸಿ ಹೋಗುವುದು. ಸೋಮವಾರ ಎಲ್ಲರಿಗಿಂತ ಮೊದಲು ಬಂದು ಒರೆಸಿ ಮತ್ತೆ ಶುರು ಮಾಡುವುದು. ಯಾರಿಗೂ ಹೇಳಿ ಮಾಡುವುದಿಲ್ಲ. ಹೇಳಿದರೆ ನೂರು ಸಲಹೆ ಬರುತ್ತವೆ. ಆ ಶನಿವಾರವೂ ಮೇಲಿನ ಖಾನೆಗಳನ್ನೆಲ್ಲ ನೋಡಿದೆ, ಖಾಲಿ ಇದ್ದವು. ಗುಂಡಿ ತಿರುಗಿಸಿದೆ. ಡ್ರಾಯರ್ ಎಳೆದು ನೋಡಲಿಲ್ಲ. ಬೆಳಿಗ್ಗೆ ಕೊಟ್ಟ ಮಾತು ಮಧ್ಯಾಹ್ನಕ್ಕೆ ತಲೆಯಿಂದ ಹಾರಿಹೋಗಿತ್ತು. ಉರಿ ಸೆಕೆಯ ದಿನಗಳು ಅವು; ಮುಚ್ಚಿದ ಆ ಕೋಣೆಯಲ್ಲಿ ಡಬ್ಬಿ ಎರಡು ರಾತ್ರಿ ಕೂತಿತ್ತು.

ಸೋಮವಾರ ಬೇಗ ಬಂದು ಒರೆಸಿದೆ, ಬಾಗಿಲು ಹಾಕಿದೆ, ಗುಂಡಿ ತಿರುಗಿಸಿದೆ. ಆಗಲೂ ನೆನಪಾಗಲಿಲ್ಲ.

ಮಧ್ಯಾಹ್ನ ಎಲ್ಲರೂ ಮೇಜಿಗೆ ಕೂತಿದ್ದೆವು. ನಕ್ಷೆಗಾರ ಡಬ್ಬಿ ತೆಗೆದು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿಕೊಂಡು ಬಂದ. ಮುಚ್ಚಳ ತೆರೆದು ಮೂಸಿದ. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದ, “ದೊಡ್ಡಮ್ಮ, ಯಾಕೋ ಒಂಥರಾ ವಾಸನೆ ಬರ್ತಿದೆ. ತಿನ್ಲಾ?”

ಶನಿವಾರ, ಸೊನ್ನೆ, ಡ್ರಾಯರ್, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಮೇಜಿನ ಆ ತುದಿಯಿಂದ ಕ್ಯಾಷಿಯರ್ ಕತ್ತು ಉದ್ದ ಮಾಡಿದ. ಆತನ ಕಿವಿ ಮೂಗಿಗಿಂತ ಚುರುಕು.

“ಏನಂತೆ? ದೊಡ್ಡಮ್ಮನ ರಾಜ್ಯದಲ್ಲೂ ಊಟ ಹಳಸುತ್ತಾ?”

ಕಿಸಕ್ಕನೆ ನಾಲ್ಕು ಜನ ನಕ್ಕರು. ನನ್ನ ಮುಖ ಬಿಸಿಯಾಯಿತು. ಈಗ ನಾನೇ ಫ್ರಿಜ್ ಆರಿಸಿ ಹೋಗಿದ್ದೆ ಎಂದರೆ ಮುಗಿಯಿತು, ನಿವೃತ್ತಿಯಾಗುವವರೆಗೂ ಈತ ಇದನ್ನೇ ಆಡಿಕೊಳ್ಳುತ್ತಾನೆ, ಚೀಟಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ. ಬಿಸಿ ಮಾಡಿದ್ದಾನಲ್ಲ, ಬಿಸಿಗೆ ಕ್ರಿಮಿಗಳೆಲ್ಲ ಸತ್ತಿರುತ್ತವೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಇಷ್ಟೆಲ್ಲ ಲೆಕ್ಕಾಚಾರಕ್ಕೆ ಒಂದು ತುತ್ತು ನುಂಗುವಷ್ಟು ಹೊತ್ತೂ ಬೇಕಾಗಲಿಲ್ಲ.

“ಚೀಟಿ ನೋಡಪ್ಪ,” ಎಂದೆ, ಎಲ್ಲರಿಗೂ ಕೇಳುವ ಹಾಗೆ. “ಶನಿವಾರ ಅಂತ ನೀನೇ ಬರ್ದಿದೀಯ. ಇವತ್ತು ಸೋಮವಾರ, ಎರಡೇ ದಿನ. ಏನೂ ಆಗಲ್ಲ, ತಿನ್ನು.”

ಅವನು ತಿಂದ. ನಾನು ಹೇಳಿದೆ ಅಂತ ತಿಂದ. ಅರ್ಧಕ್ಕೆ ಬಿಡುತ್ತಾನೇನೋ ಎಂದು ಡಬ್ಬಿಯಿಂದ ಕಣ್ಣು ತೆಗೆಯದೆ ಕೂತಿದ್ದೆ. ಡಬ್ಬಿ ಪೂರ್ತಿ ಖಾಲಿ ಮಾಡಿ, ತೊಳೆದಿಟ್ಟ.

ಸಂಜೆ ಊರಿಂದ ಬಂದ ಹೆಂಡತಿ ನೋಡಿದ್ದು ಬಚ್ಚಲಲ್ಲಿ ಬಿದ್ದಿದ್ದ ಗಂಡನನ್ನು. ಮಂಗಳವಾರ ಕಿಡ್ನಿ ನಿಂತಿತು. ಬುಧವಾರ ಆಸ್ಪತ್ರೆಗೆ ಹೋಗಿ ಗಾಜಿನಾಚೆಯಿಂದ ನೋಡಿ ಬಂದೆ. ಬಾಯಿಗೆ ಬೀಗ ಹಾಕಿಕೊಂಡೇ ಬಂದೆ. ಗುರುವಾರ ಬೆಳಿಗ್ಗೆ ಹೋಗಿಬಿಟ್ಟ. ಕೆಟ್ಟ ಆಹಾರದಿಂದ ಆದದ್ದು ಎಂದು ಡಾಕ್ಟರು ಹೇಳಿದರಂತೆ.

ಕಚೇರಿಯಲ್ಲಿ ಯಾರೂ ನನ್ನನ್ನು ಕೇಳಲಿಲ್ಲ. ಕ್ಯಾಷಿಯರ್ ಕೂಡ ತುಟಿ ಬಿಚ್ಚಲಿಲ್ಲ. ತಾನು ಆವತ್ತು ನಗಿಸಿದ್ದು ಅವನಿಗೂ ಚುಚ್ಚುತ್ತಿತ್ತೇನೋ. ಆದರೆ ಒಂದು ಸುದ್ದಿ ತಂದವನು ಅವನೇ. “ಅಡುಗೆ ಮಾಡಿದವಳದೇ ತಪ್ಪು ಅಂತ ಅವರ ಮನೇಲಿ ಮಾತಂತೆ ದೊಡ್ಡಮ್ಮ. ಪಾಪ, ಆ ಹೆಣ್ಣುಮಗಳು ಎರಡು ಹೊತ್ತಿನ ಊಟವನ್ನೂ ಬಿಟ್ಟಿದಾಳಂತೆ.”

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಸತ್ತವನನ್ನು ತರಲಾರೆ. ಬದುಕಿರುವವಳ ತಲೆಮೇಲಿನ ಈ ಹೊರೆ ಇಳಿಸಬಲ್ಲವಳು ನಾನೊಬ್ಬಳೇ. ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ.

ಎರಡನೇ ಮಹಡಿಯಲ್ಲಿ ಚಿಕ್ಕ ಮನೆ. ಹೊರಕೋಣೆಯ ಕುರ್ಚಿಯಲ್ಲಿ ಅವನ ಅಕ್ಕ ಕೂತಿದ್ದಳು. ಗಟ್ಟಿ ಹೆಂಗಸು, ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನೆಲದ ಮೇಲಿದ್ದಳು. ಎಂಟು ವರ್ಷದ ಮಗಳು ಅವಳ ಸೆರಗು ಹಿಡಿದುಕೊಂಡಿದ್ದಳು. ನಾನು ಬಂದದ್ದೇ ಅಕ್ಕನ ಮಾತಿನ ಕಟ್ಟೆ ಒಡೆಯಿತು.

“ನೀವೇ ಹೇಳಿ ದೊಡ್ಡಮ್ಮ. ಮೈ ಕುಯ್ಸಿಕೊಂಡು ಕೊಟ್ಟೆ ನಾನು. ಒಂದೇ ಒಂದು ಡಬ್ಬಿ ನೆಟ್ಟಗೆ ಕಟ್ಟೋಕೆ ಇವಳ ಕೈಲಾಗಲಿಲ್ಲ. ತಂಗಿ ಮನೆಗೆ ಓಡೋ ಆತುರ!”

“ಬೇಯಿಸಿದ್ದೆ ಅತ್ತಿಗೆ,” ಎಂದಳು ಹೆಂಡತಿ, ನೆಲ ನೋಡುತ್ತ. “ಚೆನ್ನಾಗೇ ಬೇಯಿಸಿದ್ದೆ ಅನ್ಸುತ್ತೆ. ಈಗ ನನಗೇ ಗೊತ್ತಾಗ್ತಿಲ್ಲ.”

ಕೂರಲೂ ಇಲ್ಲ, ನಿಂತೇ ಹೇಳಿದೆ.

“ಅವಳದೇನೂ ತಪ್ಪಿಲ್ಲಮ್ಮ. ಶನಿವಾರ ಫ್ರಿಜ್ ಆರಿಸಿ ಹೋದವಳು ನಾನು. ಡಬ್ಬಿ ಒಳಗಿದ್ದದ್ದು ಮರ್ತೇಹೋಯ್ತು. ಎರಡು ದಿನ ಸೆಕೆಯಲ್ಲಿತ್ತು ಅದು. ನನ್ನಿಂದ ಆಗಿದ್ದು.”

ಅಕ್ಕ ನನ್ನನ್ನೇ ನೋಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಮೈ ಬಿಗಿಹಿಡಿದೆ. ಅವಳು ಎದ್ದು ನೇರ ತಮ್ಮನ ಹೆಂಡತಿಯ ಹತ್ತಿರ ಹೋಗಿ, ಪಕ್ಕದಲ್ಲಿ ಕುಸಿದು, ಅವಳ ತಲೆಯನ್ನು ಎದೆಗೊತ್ತಿಕೊಂಡಳು. “ಬಾಯಿಗೆ ಬಂದದ್ದು ಅಂದ್ಬಿಟ್ಟೆ ಕಣೇ, ತಪ್ಪಾಯ್ತು” ಎಂದು ಗೊಳೋ ಎಂದು ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, “ಮರೆವು ಯಾರಿಗಿಲ್ಲ ದೊಡ್ಡಮ್ಮ, ಬೇಕು ಅಂತ ಮಾಡಿದ್ರಾ ನೀವು? ಬಂದು ಹೇಳಿದ್ರಲ್ಲ, ಅದು ದೊಡ್ಡದು” ಎಂದಳು. ನೀರು ತರಿಸಿ ಕೊಟ್ಟಳು. ಕುಡಿದೆ.

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹಗುರವಾಯಿತು. ಹೊರೆ ಇಳಿಸಿದೆ, ಕ್ಷಮೆಯೂ ಸಿಕ್ಕಿತು. ಉಳಿದದ್ದು ಯಾರಿಗೆ ಬೇಕು ಎಂದುಕೊಂಡು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿಯತೊಡಗಿದೆ. ಅರ್ಧ ಇಳಿದಿದ್ದೆ, ಹಿಂದೆ ಹೆಜ್ಜೆ ಸಪ್ಪಳ. ಹೆಂಡತಿ.

“ದೊಡ್ಡಮ್ಮ, ಒಂದು ಕೇಳ್ಲಾ? ಅವರು ಬಹಳ ಹುಷಾರು. ಹಾಲು ಕೂಡ ಮೂಸದೆ ಕುಡೀತಿರಲಿಲ್ಲ. ಎರಡು ದಿನ ಸೆಕೇಲಿದ್ದ ಕೋಳಿ ವಾಸನೆ ಬಂದೇ ಬಂದಿರುತ್ತೆ. ಹೇಗೆ ತಿಂದ್ರು?”

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅವಳ ಮುಖ ನೋಡಿದೆ, ಹೊರಗೆ ಬರಲಿಲ್ಲ.

“ನನ್ನ ಕೇಳಿದ. ವಾಸನೆ ಬರ್ತಿದೆ, ತಿನ್ಲಾ ಅಂತ. ಆಗ ನನಗೆ ನೆನಪಾಗಿತ್ತಮ್ಮ. ನೆನಪಾಗಿದ್ದೂ ತಿನ್ನು ಅಂದೆ.”

“ಮೇಲೆ ಬನ್ನಿ,” ಎಂದಳು. “ಇದನ್ನೂ ಅತ್ತಿಗೆ ಮುಂದೆ ಹೇಳಿ.”

ಮತ್ತೆ ಹತ್ತಿದೆ, ಮತ್ತೆ ಚಪ್ಪಲಿ ಬಿಟ್ಟೆ, ಹೇಳಿದೆ. ಈ ಸಲ ಕ್ಯಾಷಿಯರನ ಮಾತು, ಮೇಜಿನವರ ನಗು ಏನನ್ನೂ ಬಿಡಲಿಲ್ಲ. ಅಕ್ಕ ತನ್ನ ಪಕ್ಕೆಯ ಮೇಲೆ, ಕೊಯ್ದ ಜಾಗದಲ್ಲಿ, ಕೈಯಿಟ್ಟುಕೊಂಡು ಕೇಳಿದಳು.

“ನಗ್ತಾರೆ ಅಂತಾನಾ?” ಎಂದು ಕೇಳಿದಳು. “ನಾಲ್ಕು ಜನ ನಗ್ತಾರೆ ಅಂತ ನನ್ನ ತಮ್ಮಂಗೆ ತಿನ್ನು ಅಂದ್ರಾ?”

“ಹೌದು,” ಎಂದೆ.