ಬೇಡ ಅಂದವರು

ಕ್ಲಿನಿಕ್ಕಿಗೆ ಕಂಪ್ಯೂಟರ್ ಬಂದಾಗ ಬೀದಿಯವರೆಲ್ಲ ಮೂಗು ಮುರಿದರೂ ಟೈಲರಮ್ಮ ಮಾತ್ರ ಡಾಕ್ಟರರ ಪರವಾಗಿಯೇ ನಿಂತಿದ್ದಳು. “ಮುಖ ನೋಡಲ್ಲ, ಬರೀ ಆ ಪೆಟ್ಟಿಗೆ ನೋಡ್ತಾರೆ” ಎಂದು ಯಾರಾದರೂ ಗೊಣಗಿದರೆ, “ನಿಮ್ಮ ಮುಖದಲ್ಲಿ ನೋಡೋಕೆ ಅಂಥದ್ದೇನಿದೆ ಹೇಳಿ” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಧೂಳು ಕೂರಬಾರದೆಂದು ಅದಕ್ಕೊಂದು ಗವಸನ್ನೂ ಹೊಲಿದುಕೊಟ್ಟಿದ್ದಳು.

ಅವಳಿಗೆ ಸಕ್ಕರೆ ಕಾಯಿಲೆ. ಮೊದಲೆಲ್ಲ ಡಾಕ್ಟರರು ಅವಳ ಪಾದವನ್ನು ಕೈಯಲ್ಲಿ ಹಿಡಿದು, ಬೆರಳ ಸಂದಿಗಳನ್ನೆಲ್ಲ ನೋಡಿ, “ಮೆಷಿನ್ ತುಳಿಯೋ ಕಾಲು, ಜೋಪಾನ” ಎನ್ನುತ್ತಿದ್ದರು. ಒಡಹುಟ್ಟಿದ ಅಣ್ಣನೂ ಅವಳನ್ನು ಅಷ್ಟು ಅಕ್ಕರೆಯಿಂದ ಮಾತಾಡಿಸಿದ್ದಿಲ್ಲ. ಕಂಪ್ಯೂಟರ್ ಬಂದ ಮೇಲೆ ಪಾದ ನೋಡುವುದು ನಿಂತಿತು. ಅವಳು ಎದುರಿಗೆ ಕೂತಿರುವಾಗ ಅವರು ಏನನ್ನೋ ಟಕಟಕ ಒತ್ತುತ್ತ ಹೋಗುತ್ತಿದ್ದರು.

“ಇದನ್ನೆಲ್ಲ ಪೂರ್ತಿ ತುಂಬಿಸಿದ್ರೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತಮ್ಮ. ಬಂದ್ರೆ ಹೊರಗೆ ಒಳ್ಳೆ ಕುರ್ಚಿ ಹಾಕಿಸ್ತೀನಿ.”

ಹೇಳಿದಂತೆ ಕುರ್ಚಿಗಳೂ ಬಂದವು. ಬೀದಿಯವರಿಗೆಲ್ಲ ಅವನ್ನು ತೋರಿಸಿ ಬೀಗಿದವಳೂ ಅವಳೇ.

ಸೂಜಿಗೆ ದಾರ ಪೋಣಿಸುವುದು ಕಷ್ಟವಾದಾಗ ವಯಸ್ಸಾಯಿತೆಂದುಕೊಂಡಳು. ಒಂದು ದಿನ ಕಪ್ಪು ಬಟ್ಟೆಯ ಮೇಲೆ ಕಪ್ಪು ಹೊಲಿಗೆ ಕಾಣದೆ ಯಾರದೋ ಪ್ಯಾಂಟಿನ ಎರಡು ಕಾಲುಗಳನ್ನೂ ಸೇರಿಸಿ ಹೊಲಿದುಬಿಟ್ಟಳು. ಜೊತೆಗೆ ಕೆಲಸ ಮಾಡುವ ನಾದಿನಿ ಅದನ್ನೆತ್ತಿ ಹಿಡಿದು, “ಅತ್ತಿಗೆ, ಇದನ್ನ ಹಾಕ್ಕೊಂಡೋರು ಕುಪ್ಪಳಿಸ್ಕೊಂಡೇ ಆಫೀಸಿಗೆ ಹೋಗ್ಬೇಕು” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಇಳಿದ ಮೇಲೆ ಅತ್ತಿಗೆಯ ಮುಖ ನೋಡಿ, ಅವಳೇ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಳು.

ಕಣ್ಣಿನ ಡಾಕ್ಟರಮ್ಮ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. “ಸಕ್ಕರೆ ಕಣ್ಣಿಗಿಳಿದಿದೆ. ಎಡಗಣ್ಣು ಹೋದಷ್ಟು ಹೋಯ್ತು. ಬಲಗಣ್ಣು ಉಳಿಸ್ಕೊಳ್ಳೋಣ” ಅಂದರು. ಆಮೇಲೆ ತಮ್ಮ ಕಂಪ್ಯೂಟರಿನತ್ತ ತಿರುಗಿದರು. ಕ್ಲಿನಿಕ್ಕಿನಲ್ಲಿ ಬರೆದದ್ದೆಲ್ಲ ಅಲ್ಲೂ ಕಾಣುತ್ತಿತ್ತು.

“ಕಣ್ಣು ತೋರಿಸ್ಕೊಳ್ಳಿ ಅಂತ ನಿಮ್ಮ ಡಾಕ್ಟರು ಹೋದಾಗೆಲ್ಲ ಹೇಳಿದಾರೆ. ಹೇಳಿದಾಗೆಲ್ಲ ನೀವು ಬೇಡ ಅಂದಿದ್ದೀರಿ. ಯಾಕಮ್ಮ ಹೀಗೆ ಮಾಡ್ಕೊಂಡ್ರಿ?”

ನಾದಿನಿ ಸರಕ್ಕನೆ ತಿರುಗಿದಳು. “ಬೇಡ ಅಂದ್ರಾ ಅತ್ತಿಗೆ?”

ಡಾಕ್ಟರರು ಬರೆದಿದ್ದಾರೆಂದರೆ ಹೇಳಿರಲೇಬೇಕು, ತಾನೇ ಮರೆತಿರಬೇಕು ಎಂದು ಟೈಲರಮ್ಮ ಮೊದಲು ಅನುಮಾನಪಟ್ಟದ್ದು ತನ್ನ ಮೇಲೆಯೇ. ಬಸ್ಸಿನಲ್ಲಿ ಕೂತು ಒಂದೊಂದು ಭೇಟಿಯನ್ನೂ ನೆನೆದಳು. ಎಲ್ಲೂ ಕಣ್ಣಿನ ಮಾತೇ ಇರಲಿಲ್ಲ. ಪಕ್ಕದಲ್ಲಿ ನಾದಿನಿ ಮುಖ ಊದಿಸಿಕೊಂಡು ಕೂತಿದ್ದಳು. “ನಮಗಾದ್ರೂ ಒಂದು ಮಾತು ಹೇಳಬಾರದಿತ್ತಾ” ಎಂದು ಅವಳು ಅಂದಾಗ, ಎಡಗಣ್ಣು ಹೋಯಿತೆಂದಾಗಲೂ ಅಳದಿದ್ದ ಟೈಲರಮ್ಮ ಕಿಟಕಿಯ ಕಡೆ ತಿರುಗಿ ಅತ್ತಳು.

ಮರುದಿನ ಒಬ್ಬಳೇ ಕ್ಲಿನಿಕ್ಕಿಗೆ ಹೋಗಿ ಕೂತಳು.

“ನಾನು ಯಾವಾಗ ಬೇಡ ಅಂದೆ ಡಾಕ್ಟರೆ?”

ವಿಷಯ ಕೇಳಿ ಅವರು ಸಿಟ್ಟಾಗಬಹುದು, ಇಲ್ಲವೆ ಕಂಪ್ಯೂಟರೇ ತಪ್ಪಿದೆ ಅನ್ನಬಹುದು ಎಂದುಕೊಂಡು ಬಂದಿದ್ದಳು. ಹಾಗೆ ಅಂದಿದ್ದರೆ ನಂಬಿಬಿಡುತ್ತಿದ್ದಳು. ಅವರು ಹಾಗೆ ಅನ್ನಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

“ಅಲ್ಲೊಂದು ಪ್ರಶ್ನೆ ಬರುತ್ತೆ. ಕಣ್ಣಿನ ಪರೀಕ್ಷೆಗೆ ಹೇಳಿದ್ರಾ, ಅವರು ಒಪ್ಪಿದ್ರಾ ಅಂತ. ಒಪ್ಪಿದ್ರು ಅಂತ ಒತ್ತಿದ್ರೆ ರಿಪೋರ್ಟು ಕೇಳುತ್ತೆ. ಬೇಡ ಅಂದ್ರು ಅಂತ ಒತ್ತಿದ್ರೆ ಮುಂದಿನ ಪುಟಕ್ಕೆ ಹೋಗುತ್ತೆ. ಖಾಲಿ ಬಿಟ್ರೆ ಪ್ರೋತ್ಸಾಹಧನ ಇಲ್ಲ. ಹೊರಗೆ ಅಷ್ಟು ಜನ ಕಾಯ್ತಿರ್ತಾರಲ್ಲಮ್ಮ.”

“ಹೇಳಿದ್ದಿದ್ರೆ ನಾನು ಹೋಗ್ತಿದ್ದೆ.”

“ಗೊತ್ತು.”

“ಕಣ್ಣಿಂದ ಅನ್ನ ತಿನ್ನೋಳು ನಾನು. ಬೇಡ ಅಂತೀನಾ?”

“ನಿಮ್ಮೊಬ್ಬರಿಗೇ ಅಂತ ಮಾಡಿದ್ದಲ್ಲಮ್ಮ” ಎಂದು ಅವರು ಸಮಾಧಾನದ ದನಿಯಲ್ಲಿ ಹೇಳಿದರು.

“ಹಾಗಾದ್ರೆ ತಿದ್ದಿ. ನೀವು ಹೇಳೇ ಇಲ್ಲ ಅಂತ ಬರೀರಿ. ಮನೇಲಿ ನನ್ನನ್ನೇ ಬೈತಿದಾರೆ.”

“ಈಗ ತಿದ್ದಿದ್ರೆ ವಿಚಾರಣೆ ಬರುತ್ತೆ.” ಅವರು ದನಿ ತಗ್ಗಿಸಿದರು. “ಬಲಗಣ್ಣಿನ ಖರ್ಚು ನಾನು ನೋಡ್ಕೋತೀನಿ. ಇದು ನಮ್ಮನಮ್ಮಲ್ಲೇ ಇರಲಿ. ನೀವೇನು ಹೊರಗಿನೋರಾ?”

ಇಷ್ಟು ವರ್ಷ ಆ ಮಾತಿಗಾಗಿಯೇ ಅವಳು ಬೀದಿಯವರೊಂದಿಗೆಲ್ಲ ಜಗಳಕ್ಕೆ ನಿಂತಿದ್ದಳು. ಈಗ ಅದನ್ನು ಕೇಳಿದ್ದೇ ಎದ್ದು ಹೊರಗೆ ಬಂದಳು.

ಹೊರಗೆ ಬಾಗಿಲ ಪಕ್ಕದಲ್ಲೇ ಅವಳ ಬೀದಿಯ ಬಸ್ ಡ್ರೈವರ್ ಕೂತಿದ್ದ. ಅವನನ್ನು ಈ ಡಾಕ್ಟರರ ಹತ್ತಿರ ಮೊದಲು ಕರೆತಂದವಳೂ ಅವಳೇ.

“ಡ್ರೈವರಣ್ಣ, ನಿಮಗೂ ಸಕ್ಕರೆ ಅಲ್ವಾ? ಕಣ್ಣು ತೋರಿಸ್ಕೊಳ್ಳಿ ಅಂತ ಒಳಗೆ ಯಾವತ್ತಾದ್ರೂ ಹೇಳಿದಾರಾ?”

“ಇಲ್ವಲ್ಲ. ಯಾಕಮ್ಮ?”

“ನಿಮಗೂ ಹೇಳಿದಾರೆ ಅಂತಲೇ ಬರೆದಿರ್ತಾರೆ. ನೀವೂ ಬೇಡ ಅಂದಿರ್ತೀರಿ.”

ಡ್ರೈವರ್ ತಮಾಷೆಯೆಂದುಕೊಂಡು ನಕ್ಕ. ಅವಳು ನಗಲಿಲ್ಲ. ಆಚೆ ಕುರ್ಚಿಯ ಹೆಂಗಸು ಕೆಮ್ಮುವುದನ್ನು ಬಿಟ್ಟು ಇತ್ತ ನೋಡಿದಳು. ಒಳಗಿನಿಂದ ಕರೆಗಂಟೆಯ ಸದ್ದಾಯಿತು. ಸರದಿ ಡ್ರೈವರನದೇ. ಅವನು ಏಳುವ ಬದಲು ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡ.

“ಕೂತ್ಕೊಂಡು ಸರಿಯಾಗಿ ಹೇಳಮ್ಮ” ಅಂದ.